ಕಾವಲಿಗಿಟ್ಟ ಚಪ್ಪಲಿ

ಬಹಳ ಹಿಂದೆ ಗ್ರೀಕರ ನಾಡಿನಲ್ಲಿ ಲೆಮೇರ ಎಂಬ ಪುಟ್ಟ ಊರಿತ್ತು. ಊರಾಚೆ, ಹೊಳೆಯ ದಂಡೆಯಲ್ಲಿ, ಆರ್ಕಿಯಸ್ ಎಂಬ ಗುರುಗಳಿದ್ದರು.

ಒಂದು ಬೆಳಿಗ್ಗೆ ಶಿಷ್ಯ ತಿಮಾರ್ಕ ಓಡೋಡಿ ಬಂದ. ಕೊರಳಲ್ಲಿ ದೊಡ್ಡದೊಂದು ಬೀಗದ ಕೈ ಕುಣಿಯುತ್ತಿತ್ತು.

ಅದು ಊರಿನ ಬೆಟ್ಟದ ಕೋಟೆಯ ಬೀಗದ ಕೈ. ಕೋಟೆ ಯಾರೊಬ್ಬರದೂ ಆಗಬಾರದೆಂದು ಅದನ್ನು ಯಾರೂ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ದಿನಾ ಚೀಟಿ ಎತ್ತುತ್ತಿದ್ದರು. ಹೆಸರು ಬಂದವನು ಅಂದು ಅದನ್ನು ಕೊರಳಿಗೆ ಕಟ್ಟಿಕೊಳ್ಳಬೇಕು. ಇಂದು ತಿಮಾರ್ಕನ ಸರದಿ.

ಅವನು ಚಪ್ಪಲಿಯನ್ನು ದಂಡೆಯಲ್ಲೇ ಬಿಟ್ಟು ಗುರುಗಳ ಕಾಲಿಗೆರಗಿದ.

"ಗುರುಗಳೇ, ನಮಗೆ ಸ್ವಾತಂತ್ರ್ಯ ಬಂತು!"

"ನಿನ್ನೆ ಇರಲಿಲ್ಲವೇನಪ್ಪ?"

"ಇತ್ತು. ಆದರೆ ಈಗ ಅರಸನೇ ಕೊಟ್ಟಿದ್ದಾನೆ! ಅವನ ದೂತ ಸಂತೆಯಲ್ಲಿ ನಿಂತು ಸಾರಿದ. ಜನ ಹಾಕಿದ ಕೇಕೆಗೆ ಕತ್ತೆಗಳು ಹಗ್ಗ ಕಿತ್ತುಕೊಂಡು ಓಡಿದವು!"

ಆ ಕಾಲದಲ್ಲಿ ಸುತ್ತಲಿನ ದೊಡ್ಡ ಅರಸರು ಒಬ್ಬರ ಮೇಲೊಬ್ಬರು ಯುದ್ಧ ಹೂಡಿದಾಗ, ಚಿಕ್ಕ ಊರುಗಳು ತಮ್ಮ ಕಡೆ ಬರಲೆಂದು ಹೀಗೆ ಸ್ವಾತಂತ್ರ್ಯ ಸಾರುತ್ತಿದ್ದರು. ತಿಮಾರ್ಕ ಇನ್ನೂ ಚಿಕ್ಕವನು. ಅವನಿಗೆ ಇದು ಮೊದಲನೆಯ ಸಲ.

"ಮತ್ತೇನು ಹೇಳಿದ?"

"ಕಂದಾಯವಿಲ್ಲ! ನಮ್ಮ ಕಾನೂನು ನಮಗೇ! ಕೋಟೆಯಲ್ಲಿ ಮಾತ್ರ ಅವನ ಇನ್ನೂರು ಸೈನಿಕರು ಇರುತ್ತಾರೆ."

"ಯಾಕೆ?"

"ನಮ್ಮ ಸ್ವಾತಂತ್ರ್ಯ ಕಾಯೋದಕ್ಕೆ! ದೂತ ಕೋಟೆಯ ಬಾಗಿಲಲ್ಲಿ ಕಾಯುತ್ತಿದ್ದಾನೆ. ಬೀಗದ ಕೈ ನನ್ನ ಕೈಯಿಂದಲೇ ಕೊಡುವ ಭಾಗ್ಯ! ನಿಮ್ಮ ಆಶೀರ್ವಾದ ಬೇಕು."

ಗುರುಗಳು ಎದ್ದು ಹೋಗಿ ಶಿಷ್ಯನ ಚಪ್ಪಲಿಗಳನ್ನು ಕೈಗೆತ್ತಿಕೊಂಡರು.

"ಅಯ್ಯೋ, ನೀವು ಅದನ್ನು ಮುಟ್ಟುವುದೇ!"

"ತಿಮಾರ್ಕ, ಈ ಚಪ್ಪಲಿ ನಿನಗೆ ಕೊಟ್ಟಿದ್ದೇನೆ. ಇಂದಿನಿಂದ ಇದು ನಿನ್ನದು."

ತಿಮಾರ್ಕನ ಕಣ್ಣು ತುಂಬಿ ಬಂತು. ಎರಡೂ ಕೈ ಚಾಚಿದ. "ನಿಮ್ಮ ಉಪಕಾರ ಎಂದಿಗೂ ಮರೆಯೆನು, ಗುರುಗಳೇ."

ಗುರುಗಳು ಒಂದನ್ನು ಮಾತ್ರ ಅವನ ಕೈಗಿಟ್ಟರು.

"ಇನ್ನೊಂದು?"

"ನನ್ನ ಹತ್ತಿರ ಇರಲಿ. ನಿನ್ನ ಚಪ್ಪಲಿಯನ್ನು ಯಾರಾದರೂ ಕದ್ದರೆ? ಕಾವಲಿಗೆ."

"ಒಂದೇ ಚಪ್ಪಲಿಯಲ್ಲಿ ನಡೆಯೋದು ಹೇಗೆ? ಅಲ್ಲದೆ ಅದು ಮೊದಲಿಂದಲೂ ನನ್ನ..."

ತಿಮಾರ್ಕ ಅಲ್ಲಿಗೇ ನಿಲ್ಲಿಸಿದ. ಮುಖ ಕೆಂಪಾಯಿತು. ನಾಚಿಕೆಯಿಂದ, ಆಮೇಲೆ ಸಿಟ್ಟಿನಿಂದ. ಅವನ ಕೈ ತಾನಾಗಿ ಕೊರಳಲ್ಲಿದ್ದ ಬೀಗದ ಕೈಯನ್ನು ಹಿಡಿಯಿತು.

ದೂರದಲ್ಲಿ, ಬೆಟ್ಟದ ಮೇಲೆ, ಕಹಳೆ ಊದಿದರು. ಬೇಗ ಬಾ ಎಂದು ದೂತನ ಕರೆ.

"ಕೊಡುವುದಿಲ್ಲ ಅಂದರೆ ಯುದ್ಧವಾದೀತು. ಕೊಟ್ಟರೆ..." ಅವನು ಬೆಟ್ಟದ ಕಡೆ ನೋಡಿದ. "ಊರೆಲ್ಲ ಅಲ್ಲಿ ನೆರೆದಿದೆ, ಗುರುಗಳೇ. ಎಲ್ಲರ ಮುಂದೆ ದೂತನಿಗೆ ಏನು ಹೇಳಲಿ?"

ಗುರುಗಳು ಬಗ್ಗಿ, ಇನ್ನೊಂದು ಚಪ್ಪಲಿಯನ್ನು ಅವನ ಕಾಲ ಬಳಿ ಇಟ್ಟರು.

"ಏನೂ ಹೇಳಬೇಡ. ಊರಿಗೆಲ್ಲ ಕೇಳುವ ಹಾಗೆ ಅವನನ್ನು ಒಂದು ಮಾತು ಕೇಳು: ನಾಳೆ ಬೀಗದ ಕೈ ಕಟ್ಟಿಕೊಳ್ಳುವ ಸರದಿ ಯಾರದು?"