ದ್ಯಾಮವ್ವನ ಬೆಲ್ಲ-ನೀರು

ಗುಹೆಗಳಿರುವ ಗುಡ್ಡದ ಬುಡದಲ್ಲಿ ದ್ಯಾಮವ್ವನ ಮನೆ. ಬಿಸಿಲಲ್ಲಿ ಗುಡ್ಡ ಇಳಿದು ಬಂದವರು ಯಾರೇ ಇರಲಿ, ಬೆಲ್ಲ-ನೀರು ಕೊಡದೆ ಕಳಿಸಿದವಳಲ್ಲ. "ಬಾಯಾರಿದವರು ನಮ್ಮ ಬಾಗಲದಿಂದ ಹಂಗ ಹೋಗಬಾರದು" ಎಂದು ಸಾಯುವಾಗ ಅತ್ತೆ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು.

ಒಂದು ದಿನ ಪರದೇಶದ ಹೆಣ್ಣುಮಗಳೊಬ್ಬಳು ಒಬ್ಬಳೇ ಇಳಿದು ಬಂದಳು. ಮುಖವೆಲ್ಲ ಕೆಂಪು. ದ್ಯಾಮವ್ವ ಓಡಿಹೋಗಿ ತಂಬಿಗೆ ತಂದಳು. ಆಕೆ ನಕ್ಕಳು, ಕೈ ಮುಗಿದಳು, ಬೇಡವೆಂದು ತಲೆಯಾಡಿಸಿ ಚೀಲದಿಂದ ತನ್ನದೇ ಬಾಟಲಿ ತೆಗೆದು ಗಟಗಟ ಕುಡಿದಳು. ಅದೂ ದ್ಯಾಮವ್ವನ ಎದುರಿಗೇ!

ಆ ಸೀಮೆಯಲ್ಲಿ ಕೊಟ್ಟ ನೀರು ಒಲ್ಲೆ ಎಂದರೆ ಎರಡೇ ಅರ್ಥ: ನೀವು ನಮಗೆ ಹಗೆ, ಇಲ್ಲವೇ ನೀವು ನಮಗಿಂತ ಕೀಳು. ದ್ಯಾಮವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋದಳು, ಹೊರಗೆ ಬಂದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. "ನನ್ನ ನೀರು ಕುಡಿದ್ರ ಆಕಿಗೇನು ಮೈಲಿಗಿ ಆಗ್ತಿತ್ತೇನು? ಇನ್ನ ಈ ಪ್ರವಾಸಿಗರಿಗೆ ಕದಾ ತೆರಿಯೂದಿಲ್ಲ!" ಎಂದು ಗೋಡೆಗೆ ಹೇಳಿದಳು. ಸಮಾಧಾನವಾಯಿತೇ? ಎಲ್ಲಿಯದು!

ಮರುದಿನ ಅದೇ ಹೆಣ್ಣುಮಗಳು ಬರುವುದು ಕಂಡಿತು. ಜೊತೆಗೆ ಊರಿನ ಗೈಡು ಯಮನಪ್ಪ. ದ್ಯಾಮವ್ವ ದಡಾರನೆ ಕದ ಹಾಕಿಕೊಂಡಳು.

"ಯವ್ವಾ, ಇವರ ಬಾಟ್ಲಿ ನೀರು ತೀರೇತಿ. ತಲಿ ತಿರಗತೈತಿ ಅಂತಾರ!" ಯಮನಪ್ಪ ಕೂಗಿದ.

ದ್ಯಾಮವ್ವ ಚಿಲಕದ ಮೇಲೆ ಕೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅತ್ತೆಗೆ ಕೊಟ್ಟ ಮಾತು ಒಂದು ಕಡೆ, ನಿನ್ನೆಯ ಅವಮಾನ ಒಂದು ಕಡೆ. ಕೊನೆಗೆ ತಡೆಯಲಾರದೆ ಕದ ತೆರೆದು ಗುಡುಗಿದಳು: "ಕೇಳೋ ಆಕಿನ್ನ! ನಿನ್ನೆ ನನ್ನ ನೀರು ಯಾಕ ಒಲ್ಲೆ ಅಂದಳು?"

ಯಮನಪ್ಪ ಕೇಳಿ ಹೇಳಿದ: "ಈ ಕಡೆ ಬಂದ ಹೊಸತರಾಗ ನೀರು ಒಗ್ಗದೆ ದವಾಖಾನಿ ಸೇರಿದ್ರಂತ. ಕುದಿಸಿದ್ದು ಬಿಟ್ಟು ಬ್ಯಾರೆ ಕುಡೀಬ್ಯಾಡ ಅಂದಾರಂತ ಡಾಕ್ಟರು. ನಿನ್ನ ಮುಖ ಬಾಡಿದ್ದು ನೋಡಿ, ನನ್ನಿಂದ ಏನ ತಪ್ಪಾತು ಕೇಳೂಣು ಬಾ ಅಂತ ಇವರ ನನ್ನ ಕರಕೊಂಡು ಬಂದಾರ."

ದ್ಯಾಮವ್ವ ಹಣೆ ಚಚ್ಚಿಕೊಂಡಳು. "ಅಯ್ಯ ಶಿವನ! ಕೇಳಾಕ ಬಂದಾಕಿ ಮುಖಕ್ಕ ಕದಾ ಹಾಕಿದ್ನಲ್ಲೋ!"

ಒಲೆ ಹೊತ್ತಿಸಿ ನೀರು ಕುದಿಸಿದಳು. ಎರಡು ತಂಬಿಗೆಗಳಲ್ಲಿ ಎತ್ತಿ ಎತ್ತಿ ಹೊಯ್ದು ಆರಿಸಿದಳು. ಆ ಹೆಣ್ಣುಮಗಳು ಬೆಲ್ಲ ಕಡಿದು, ಒಂದೇ ಉಸಿರಿಗೆ ನೀರು ಕುಡಿದು, ಇನ್ನಷ್ಟು ಕೊಡು ಎಂದು ತಂಬಿಗೆ ಚಾಚಿದಳು. ದ್ಯಾಮವ್ವನ ಕಣ್ಣು ತುಂಬಿ ಬಂತು.

ನೀತಿ: ಬೇರೆ ನಾಡಿನವರ ನಡತೆಗೆ ನಮ್ಮೂರಿನ ಅರ್ಥ ಹಚ್ಚಿಕೊಂಡು ಸುಮ್ಮನೆ ಕುದಿಯಬೇಡಿ. ಬಾಯಿಬಿಟ್ಟು ಒಂದು ಮಾತು ಕೇಳಿ. ನಾವು ಅವಮಾನ ಅಂದುಕೊಂಡದ್ದು, ಪಾಪ, ಅವರ ಕಷ್ಟವೇ ಆಗಿರಬಹುದು.