ಮೂರನೆಯ ಸಲ ಕೇಳುವವರೆಗೆ

"ಬುದ್ಧಿ, ನನ್ನನ್ನು ತುಳಿದು ಮೇಲೆ ಹೋಗುವವನಿಗೆ ಒಂದೇ ಒಂದು ಸಲ ಪಾಠ ಕಲಿಸಿದರೆ ಪಾಪವೇ?"

ಭುವನಾ ಹೀಗೆ ಕೇಳಿದಾಗ ಮಠದ ಹಿರಿಯ ಸ್ವಾಮಿಗಳು ಸಂಜೆಯ ಪೂಜೆ ಮುಗಿಸಿ ಕುಳಿತಿದ್ದರು. ಅವಳು ಮಠದ ಅನ್ನ ಉಂಡು ಓದಿ ಡಾಕ್ಟರಿಕೆಗೆ ಸೇರಿದ ಹುಡುಗಿ. ಈಗ ಆಸ್ಪತ್ರೆಯ ವಾರ್ಡಿನಲ್ಲಿ ಕಲಿಯುವ ವರ್ಷ.

"ಯಾರಮ್ಮ ಆ ಪುಣ್ಯಾತ್ಮ?"

"ನಿಖಿಲ್ ಅಂತ, ನನ್ನ ಬ್ಯಾಚಿನವನು. ರೌಂಡ್ಸಿನಲ್ಲಿ ಪ್ರೊಫೆಸರು ನನ್ನನ್ನು ಕೇಳಿದರೆ ಉತ್ತರ ಅವನ ಬಾಯಿಂದ ಬರುತ್ತೆ. ಮೊನ್ನೆ ನಾನು ಸ್ವಲ್ಪ ತಡವರಿಸಿದ್ದಕ್ಕೆ, 'ಭುವನಾ ಇನ್ನೂ ನಾಡಿ ಎಣಿಸ್ತಿದಾಳೆ ಸಾರ್, ಸಾವಿರ ಆದ್ಮೇಲೆ ಹೇಳ್ತಾಳೆ' ಅಂದ. ಎಲ್ಲರೂ ನಕ್ಕರು. ನಾಳೆ ಬೆಳಿಗ್ಗೆ ಎಲ್ಲರೆದುರು ಅವನ ಬಾಯಿ ಮುಚ್ಚಿಸ್ತೀನಿ."

"ಹೇಗೆ?"

"ಒಬ್ಬ ರೋಗಿಯ ವಿಷಯದಲ್ಲಿ ಅವನು ಬಿಟ್ಟದ್ದೊಂದು ನನಗೆ ಗೊತ್ತು. ನಾಳೆ ರೌಂಡ್ಸಿನವರೆಗೆ ಯಾರಿಗೂ ಹೇಳಲ್ಲ" ಎಂದಳಷ್ಟೆ. ಒಂಬತ್ತನೇ ಹಾಸಿಗೆಯಲ್ಲಿ ಒಬ್ಬ ಅಜ್ಜಿ. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. 'ಬೇರೆ ಮಾತ್ರೆ ಏನೂ ತಗೊಳ್ಳೋದಿಲ್ಲ' ಎಂದು ಬರೆದುಕೊಂಡು ನಿಖಿಲ್ ಮುಂದಿನ ಹಾಸಿಗೆಗೆ ಓಡಿದ್ದ. ಅವನು ಹೋದ ಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಭುವನಾಳಿಗೆ ತೋರಿಸಿದ್ದಳು: ಮಂಡಿನೋವಿಗೆಂದು ಅಂಗಡಿಯಿಂದ ತಂದ ಮಾತ್ರೆಗಳು. ಹೊಟ್ಟೆ ಹುಣ್ಣಾಗಿಸಿ ರಕ್ತ ಸೋರಿಸಿದ್ದು ಅವೇ. ಆಸ್ಪತ್ರೆಯಲ್ಲೂ ರಾತ್ರಿ ಊಟವಾದ ಮೇಲೆ ಕದ್ದು ಒಂದೊಂದು ನುಂಗುತ್ತಿದ್ದಳು. ಈಗಲೇ ಹೇಳಿದರೆ ಮಾತು ನಿಖಿಲನ ಕಿವಿಗೆ ಬಿದ್ದೀತೆಂದು ಭುವನಾ ಯಾರಿಗೂ ಉಸಿರೆತ್ತದೆ ಬಂದಿದ್ದಳು.

ಸ್ವಾಮಿಗಳು ಮತ್ತೆ ಕೇಳಲಿಲ್ಲ. ಕಣ್ಣು ಮುಚ್ಚಿ ಶಿವನಾಮ ನೆನೆದು, ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನಿಗೆ ಇಬ್ಬರು ಶಿಷ್ಯರು. ರೋಗಿಯನ್ನು ನೋಡಿದ ಮೇಲೆ, ಮದ್ದು ಕೊಡುವ ಮೊದಲು, ವೈದ್ಯ ಶಿಷ್ಯರನ್ನು ಮೂರು ಸಲ ಕೇಳುತ್ತಿದ್ದ: "ಇನ್ನೇನಾದರೂ ಇದೆಯೇ?" ಬಿಟ್ಟುಹೋದದ್ದನ್ನು ಹೇಳಿದವನಿಗೆ ಆ ದಿನ ಗುರುವಿನ ಪಕ್ಕದ ಚಾಪೆ. ಮೂರನೆಯ ಸಲ ಕೇಳಿದಾಗ ಹೇಳಿದರೆ ಹೆಚ್ಚು ಮರ್ಯಾದೆ. ಎಲ್ಲರೂ ಸೋತಲ್ಲಿ ಗೆದ್ದಂತೆ ತಾನೆ?

ಮೊದಲನೆಯ ಶಿಷ್ಯ ಚುರುಕು. ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಚಾಪೆ ಯಾವಾಗಲೂ ಅವನದೇ. ಎರಡನೆಯವನು ಒಳಗೊಳಗೇ ಬೇಯುತ್ತಿದ್ದ.

ಒಂದು ದಿನ ಕೆಮ್ಮು ಎಂದು ಒಬ್ಬ ಕುಂಬಾರ ಬಂದ. ಎರಡನೆಯವನು ಕುಡಿಯಲು ನೀರು ಕೊಟ್ಟಾಗ ಕುಂಬಾರ ಅವನಿಗೆ ಹೇಳಿದ: "ಜೇನು ನನಗೆ ಆಗಿಬರಲ್ಲಪ್ಪ, ಗಂಟಲು ಕಟ್ಟುತ್ತೆ." ಶಿಷ್ಯ ಆ ಮಾತನ್ನು ಬಚ್ಚಿಟ್ಟುಕೊಂಡ. ಮೊದಲನೆಯವನು, "ಪುಡಿಯನ್ನು ಜೇನಿನಲ್ಲಿ ಕಲಸಿ ಕೊಡಬೇಕು" ಎಂದ. ವೈದ್ಯ ಕೇಳಿದ: "ಇನ್ನೇನಾದರೂ ಇದೆಯೇ?" ಎರಡನೆಯವನು ಸುಮ್ಮನಿದ್ದ. ವೈದ್ಯ ಎರಡನೆಯ ಸಲ ಕೇಳಿದ. ಆಗಲೂ ಸುಮ್ಮನಿದ್ದ. ಮೂರನೆಯದಕ್ಕೆ ಕಾಯುತ್ತಿದ್ದ.

ಮೊದಲನೆಯವನು ಮೂರನೆಯದಕ್ಕೆ ಕಾಯಲಿಲ್ಲ. ಹೇಳುವವರು ಯಾರೂ ಇಲ್ಲವೆಂದು, ಕಲಸಿದ ಮದ್ದನ್ನು ಕುಂಬಾರನ ನಾಲಗೆಗೆ ಹಚ್ಚಿಬಿಟ್ಟ.

ಕುಂಬಾರನ ತುಟಿ ಊದಿತು. ಉಸಿರು ಸಿಳ್ಳೆ ಹಾಕತೊಡಗಿತು. ವೈದ್ಯ ಹೊತ್ತು ಮುಳುಗುವವರೆಗೂ ಅವನ ಬಳಿಯಿಂದ ಏಳಲಿಲ್ಲ. ಕೊನೆಗೆ ಉಸಿರು ಹಗುರಾಯಿತು. ಬದುಕಿಸಿದವನು ಶಿವ, ವೈದ್ಯ ನೆಪಮಾತ್ರ.

ಮೊದಲನೆಯ ಶಿಷ್ಯ ಅತ್ತು ಕಾಲಿಗೆ ಬಿದ್ದ. "ನನಗೆ ಗೊತ್ತಿರಲಿಲ್ಲ ಗುರುಗಳೇ."

"ಕೇಳಿಸಿಕೊಳ್ಳದವನಿಗೆ ಗೊತ್ತಾಗುವುದು ಹೇಗೆ? ನಾಳೆಯಿಂದ ಅದನ್ನೇ ಕಲಿಸುತ್ತೇನೆ."

ಎರಡನೆಯವನು ಬಾಗಿಲಲ್ಲೇ ನಿಂತಿದ್ದ. "ನನಗೆ ಗೊತ್ತಿತ್ತು" ಎಂದ.

 ವೈದ್ಯ ಎದ್ದು, ತನ್ನ ಪಕ್ಕದ ಚಾಪೆಯನ್ನು ಎತ್ತಿಕೊಂಡು ಹೋಗಿ ಕುಂಬಾರನಿಗೆ ಹಾಸಿದ. "ತಪ್ಪಿನಲ್ಲಿ ನನ್ನದೂ ಪಾಲಿದೆ. ಇದನ್ನು ಹಾಸಬೇಕಾದ ಜಾಗ ಇದು" ಎಂದ.

ಕತೆ ನಿಂತಿತು.  ಭುವನಾ ಕೇಳಿದಳು.

"ಆ ಎರಡನೆಯವನಿಗೆ ವೈದ್ಯ ಏನು ಕಲಿಸಿದ, ಬುದ್ಧಿ?"

ಸ್ವಾಮಿಗಳು ವಿಭೂತಿಯ ತಟ್ಟೆಯನ್ನು ಅವಳ ಕಡೆಗೆ ಸರಿಸಿದರು.

"ನಾಳೆಯ ನಿನ್ನ ಪಾಠಕ್ಕೆ ಈ ರಾತ್ರಿ ನೋವುಣ್ಣುವವರು ಯಾರು, ತಾಯಿ?"

 ವಾರ್ಡಿನಲ್ಲಿ ಊಟದ ಹೊತ್ತಾಗುತ್ತಿತ್ತು. ವಿಭೂತಿ ಇಟ್ಟುಕೊಳ್ಳುವುದನ್ನೂ ಮರೆತು ಭುವನಾ ಎದ್ದು ಆಸ್ಪತ್ರೆಯ ದಾರಿ ಹಿಡಿದಳು.