ಬೇವಿನ ರಕ್ಷೆ

ಮಲಪ್ರಭೆಯ ದಂಡೆಯ ಮೇಲೆ ಮುಪ್ಪಯ್ಯಜ್ಜನ ಆಶ್ರಮ. ಆಶ್ರಮ ಅಂದರೆ ಎರಡು ಕೋಣೆ, ಅಂಗಳದಲ್ಲೊಂದು ಬೇವಿನ ಮರ. ಅಜ್ಜ ಮರದ ಕೆಳಗೆ ಕೂತು ಮಾತಾಡುತ್ತಿದ್ದರು. ಶಿಷ್ಯ ಅಡಿವೆಯ್ಯ ಎದುರಿಗೆ ಕೂತು ತಲೆ ಆಡಿಸುತ್ತಿದ್ದ.

ಒಂದು ಮಳೆಗಾಲ ಮರದ ತುದಿಗಳು ಒಣಗತೊಡಗಿದವು. ಎಲೆ ಕಂದಾಗಿ ಸುರುಟಿಕೊಂಡಿತು, ಟೊಂಗೆ ತುದಿಯಿಂದ ಕೆಳಕ್ಕೆ ಸಾಯುತ್ತ ಬಂತು. ಅಡಿವೆಯ್ಯನಿಗೆ ಅನ್ನ ಸೇರದಾಯಿತು. ಅವನ ಪಾಲಿಗೆ ಮರ ಬೇರೆ, ಗುರು ಬೇರೆ ಅಲ್ಲ.

“ಅಜ್ಜಾರ, ಮರಕ್ಕ ಏನಾಗೇತ್ರಿ?”

“ಬೂಷ್ಟಿನ ರೋಗ. ಒಣಗಿದ್ದನ್ನ ಕಡಿ, ಸುಟ್ಟುಬಿಡು.”

ಅಷ್ಟು ಹೇಳಿ ಅಜ್ಜ ಕಣ್ಣು ಮುಚ್ಚಿದರು.

ಅಡಿವೆಯ್ಯ ಅಳುತ್ತಲೇ ಕಡಿದ. ಒಣಕಡ್ಡಿಗಳ ದೊಡ್ಡ ರಾಶಿಯಾಯಿತು. ಬೆಂಕಿಕಡ್ಡಿ ಗೀರಬೇಕು ಅನ್ನುವಷ್ಟರಲ್ಲಿ ಕೈ ತಡೆಯಿತು. ಗುರುವಿಗೆ ನೆರಳು ಕೊಟ್ಟ ಮರದ್ದು, ಇದನ್ನು ಕಸದ ಹಾಗೆ ಸುಡುವುದೇ? ಶಿಷ್ಯರಿಗೆ ಬುದ್ಧಿಗಿಂತ ಮೊದಲು ಭಕ್ತಿ ಬಂದುಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ.

ಅವನು ಅವನ್ನೆಲ್ಲ ಸಣ್ಣಗೆ ಮುರಿದು ಅರಿಷಿಣದ ದಾರ ಸುತ್ತಿದ. ಬಂದ ಭಕ್ತರಿಗೆಲ್ಲ ಒಂದೊಂದು ಕೊಟ್ಟ.

“ಅಜ್ಜಾರ ಮರದ್ದು. ನಿಮ್ಮ ಮನಿ ಮುಂದಿನ ಬೇವಿಗೆ ರಕ್ಷೆ ಕಟ್ರಿ. ಯಾವ ರೋಗಾನೂ ಹತ್ತೂದಿಲ್ಲ.”

ಜನ ಕಣ್ಣಿಗೊತ್ತಿಕೊಂಡು ಒಯ್ದರು. ಆ ಊರಲ್ಲಿ ಬೇವಿಲ್ಲದ ಮನೆ ಇರಲಿಲ್ಲ. ಮಳೆ ಹೊಡೆಯಿತು, ಗಾಳಿ ಬೀಸಿತು. ಮಳೆಗಾಲ ಮುಗಿಯುವುದರೊಳಗೆ ಊರ ಬೇವುಗಳೆಲ್ಲ ತುದಿಯಿಂದ ಕಂದಾದವು.

ಮೊದಲು ಬಂದು ಹೇಳಿದವಳು ಸಾವಂತ್ರೆವ್ವ. ಅವಳಿಗೆ ಸಿಟ್ಟಿರಲಿಲ್ಲ, ಹೆಮ್ಮೆಯಿತ್ತು.

“ಸ್ವಾಮಿ, ನಮ್ಮ ಮರಾನೂ ಅಜ್ಜಾರ ಮರದಂಗ ಆಗೇತ್ರಿ. ಥೇಟ್ ಹಂಗ.”

ಅಡಿವೆಯ್ಯ ಉಬ್ಬಿಹೋದ. ಓಡುತ್ತ ಗುರುವಿನ ಬಳಿ ಬಂದ.

“ಅಜ್ಜಾರ, ಊರಿನ ಮರಾ ಎಲ್ಲಾ ನಮ್ಮ ಮರದ ಕೂಡ ತಪಸ್ಸಿಗೆ ಕುಂತಾವ್ರಿ. ಎಲ್ಲಾ ನಿಮ್ಮ ಮಹಿಮಾ.”

ಅಜ್ಜನಿಗೆ ಅಂದು ಜೋರು ನೆಗಡಿ. ಕಾವಿ ವಸ್ತ್ರದ ತುದಿಯಿಂದ ಮೂಗು ಒರೆಸಿಕೊಳ್ಳುತ್ತ ಕೇಳಿದರು.

“ಅವಕ್ಕ ನೀ ಏನ ಕೊಟ್ಟಿ?”

“ನಮ್ಮ ಮರದ ಒಣಕಡ್ಡಿ ರಕ್ಷೆ ಮಾಡಿ ಕೊಟ್ಟೇನ್ರಿ. ಸುಡಾಕ ಮನಸ್ಸಾಗಲಿಲ್ಲ.”

ಅಜ್ಜ ಒಮ್ಮೆ ಸೀನಿದರು. ಮೂಗು ಒರೆಸಿದ ಆ ತುದಿಯನ್ನು ಪರ್ರನೆ ಹರಿದು, ಶಿಷ್ಯನ ಮೂಗಿಗೆ ಅಡ್ಡಲಾಗಿ ಕಟ್ಟಲು ಕೈ ಚಾಚಿದರು.

ಅಡಿವೆಯ್ಯ ಹಿಂದೆ ಸರಿದ. “ಏನ್ರಿ ಇದು?”

“ರಕ್ಷೆ. ಗುರುವಿನ ವಸ್ತ್ರ.”

“ಅದಕ್ಕ ನೆಗಡಿ ಹತ್ತೇತಲ್ರಿ.”

“ನಿನಗ ಭಕ್ತಿ ಇಲ್ಲೇನು?”

“ಭಕ್ತಿ ಐತ್ರಿ. ಆದ್ರ ನೆಗಡಿ ಅಂತೂ ನೆಗಡಿನ...”

ಅವನು ಅಂಗಳದ ಮರ ನೋಡಿದ. ಆಚೆ ಊರಿನ ಕಂದು ತುದಿಗಳನ್ನು ನೋಡಿದ. ಒಂದು ಮರದ ಕಡ್ಡಿ ಸುಡಲು ಮನಸ್ಸಾಗದೆ ಊರ ಮರಗಳನ್ನೆಲ್ಲ ಸಾವಿಗೆ ಹಚ್ಚಿದೆನಲ್ಲ ಎಂದು ಅಜ್ಜನ ಕಾಲು ಹಿಡಿದ.

“ಈಗ ಏನ ಮಾಡ್ಲಿರಿ?”

ಅಜ್ಜ ಕುಡಗೋಲಿನ ಕಡೆ ಬೊಟ್ಟು ಮಾಡಿ ಮತ್ತೊಮ್ಮೆ ಸೀನಿದರು.

ಅಡಿವೆಯ್ಯ ಸಾವಂತ್ರೆವ್ವನ ಮನೆಗೇ ಮೊದಲು ಹೋದ. ಅವಳು ಬಾಗಿಲಲ್ಲೇ ತಡೆದಳು.

“ಕಟ್ರಿ ಅಂದಾವ್ರೂ ನೀವ, ಬಿಚ್ರಿ ಅನ್ನಾವ್ರೂ ನೀವ?”

“ಅದು ರಕ್ಷೆ ಅಲ್ಲವ್ವ, ರೋಗ. ಊರಿಗೆಲ್ಲ ನಾನ ಹಂಚೀನಿ.”

ಸಾವಂತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹಂಗಾರ ಮರ ಹತ್ತಪಾ. ನಾ ಕೆಳಗ ನಿಂತು ಬೈತೇನಿ.”

ಸ್ವಾಮಿ ಅನ್ನುವ ಮಾತು ಅಲ್ಲಿಗೇ ಬಿದ್ದುಹೋಯಿತು. ಮನೆ ಮನೆಯಲ್ಲೂ ಇದೇ ನಡೆಯಿತು, ಅವನು ಹತ್ತುವುದು, ಅವರು ಬೈಯುವುದು. ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಕೈ ಚುರುಕಾಯಿತು. ಒಂದು ಮರ ಮುಗಿದ ಮೇಲೆ ಕುಡಗೋಲನ್ನು ಬೆಂಕಿಗೆ ಹಿಡಿದೇ ಇನ್ನೊಂದಕ್ಕೆ ಹೋಗುತ್ತಿದ್ದ. ಕಡಿದದ್ದನ್ನೆಲ್ಲ ಹೊಳೆದಂಡೆಯಲ್ಲಿ ಸುಟ್ಟ. ಬೂದಿಯೂ ಯಾರ ಕೈಗೂ ಸಿಗಬಾರದೆಂದು ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸಿದ.

ಕೊನೆಗೆ ಆಶ್ರಮದ ಬೇವೂ ಬೋಳಾಯಿತು.

“ಅಜ್ಜಾರ, ನೀವು ಬಿಸಲಾಗ ಕುಂದ್ರೂ ಹಂಗಾತಲ್ರಿ.”

“ನೆಗಡಿಗೆ ಛಲೋ,” ಎಂದರು ಅಜ್ಜ.

ಚಳಿ ಕಳೆಯಿತು. ಒಂದು ಬೆಳಗ್ಗೆ ಬೋಳು ಕಾಂಡದಲ್ಲಿ ಕೆಂಪು ಚಿಗುರು ಕಂಡಿತು. ಅಡಿವೆಯ್ಯ ಅದರ ಮುಂದೆ ನಿಂತು ಮಗುವಿನ ಹಾಗೆ ಅತ್ತ. ಊರಿನ ಮರಗಳೂ ಒಂದೊಂದಾಗಿ ಚಿಗುರಿದವು. ಕೆಲವು ಚಿಗುರಲೇ ಇಲ್ಲ, ಆ ಮನೆಗಳ ಮುಂದೆ ಅವನು ತಲೆ ತಗ್ಗಿಸಿಕೊಂಡೇ ಓಡಾಡಿದ.

ಸುದ್ದಿ ಕೇಳಿ ಜನ ಆಶ್ರಮಕ್ಕೆ ಬಂದರು. ಸಾವಂತ್ರೆವ್ವನೇ ಮುಂದೆ ಇದ್ದಳು. “ಮರ ಉಳೀತು. ಏನಾರ ಪ್ರಸಾದ ಕೊಡ್ರಿ ಸ್ವಾಮಿ.”

ಅಡಿವೆಯ್ಯ ಮರಕ್ಕೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತ.

“ಎಲಿ ಇಲ್ಲ, ಕಡ್ಡಿ ಇಲ್ಲ, ಬುಡದ ಮಣ್ಣೂ ಇಲ್ಲ. ಇನ್ನ ಈ ಜನ್ಮದಾಗ ನಾ ಯಾರಿಗೂ ಏನೂ ಹಂಚೂದಿಲ್ಲ.”

“ಅಟ್ಟದ ಮ್ಯಾಲಿನ ಗಡಿಗಿ ಇಳಿಸು. ಚಿಟಿಕಿ ಚಿಟಿಕಿ ಬೂದಿ ಕೊಡು,” ಎಂದರು ಅಜ್ಜ.

ಅಡಿವೆಯ್ಯ ಮರ ಬಿಟ್ಟು ಕದಲಲಿಲ್ಲ. “ಅದೂ ಅದ ರೋಗದ ಮರದ್ದ ಐತಲ್ರಿ ಅಜ್ಜಾರ. ಹಂಚಿ ಹಂಚೀನ ಊರು ಕೆಡಿಸೀನಿ ನಾ.”

“ಹಂಚಿದ್ದು ತಪ್ಪಲ್ಲೋ ಅಡಿವೆಯ್ಯ,” ಎಂದರು ಅಜ್ಜ. “ಸುಡೂದಕ್ಕಿಂತ ಮೊದಲ ಹಂಚಿದಿ.”